ಬೆಂಕಿಯ ಸಂತ, ನೀರಿನ ನೆಲೆ: ಸಂತ ಲಾರೆನ್ಸರ ಐತಿಹ್ಯವನ್ನು ಕುರಿತು

ಕ್ರಿ.ಶ. 258ರ ಆಗಸ್ಟ್ 10ರಂದು ರೋಮಿನಲ್ಲಿ ಹುತಾತ್ಮರಾದ ಲಾರೆನ್ಸರ ವಿಷಯದಲ್ಲಿ ಚರಿತ್ರೆಯು ಹೇಳುವುದು ಅತ್ಯಲ್ಪ. ಅವರು ರೋಮಿನ ಕ್ರೈಸ್ತಸಭೆಯಲ್ಲಿ ಡೀಕನರಾಗಿದ್ದರು. ಬಿಷಪ್ಪರು, ಪಾದ್ರಿಗಳು ಮತ್ತು ಡೀಕನರನ್ನು ತಕ್ಷಣವೇ ಕೊಲ್ಲಬೇಕೆಂದು ಚಕ್ರವರ್ತಿ ವಲೇರಿಯನ್ ಆಜ್ಞಾಪಿಸಿದ್ದನು. ಅದರಂತೆ ಪೋಪ್ ಎರಡನೆಯ ಸಿಕ್ಸ್ಟಸ್ ನಾಲ್ಕು ದಿನ ಮೊದಲೇ ಬಲಿಯಾಗಿದ್ದರು.

ಚರಿತ್ರೆಯ ಈ ಬಡತನವನ್ನು ಜನಮನವು ಒಪ್ಪಲಿಲ್ಲ. ಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಯು ಗದರಿಸಿದಾಗ ಲಾರೆನ್ಸರು ಗಡುವು ಕೇಳಿ, ಇದ್ದುದನ್ನೆಲ್ಲ ಹಂಚಿ, ನಗರದ ಕುಂಟರು, ಕುರುಡರು, ನಿರ್ಗತಿಕರನ್ನು ಕರೆತಂದು ನಿಲ್ಲಿಸಿ ಇವರೇ ಆ ಸಂಪತ್ತೆಂದರಂತೆ. ಕೆರಳಿದ ಅಧಿಕಾರಿಯು ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಮಲಗಿಸಿ ಕೆಂಡದಲ್ಲಿ ಸುಡಿಸಿದಾಗ, ಒಂದು ಮಗ್ಗುಲು ಬೆಂದಿದೆ, ಮಗುಚಿರಿ ಎಂದು ಹಾಸ್ಯವಾಡಿದರಂತೆ. ನಾಲ್ಕನೆಯ ಶತಮಾನದ ಕೊನೆಯ ವೇಳೆಗೆ ಸಂತ ಆಂಬ್ರೋಸ್ ಮತ್ತು ಕವಿ ಪ್ರುಡೆನ್ಶಿಯಸ್ ಈ ಕಥೆಯನ್ನು ಬರೆದಿಟ್ಟರು. ತಕ್ಷಣದ ಮರಣದಂಡನೆಗೂ ದೀರ್ಘ ಚಿತ್ರಹಿಂಸೆಗೂ ತಾಳೆಯಾಗದೆಂದು, ಇವರೂ ಶಿರಚ್ಛೇದಕ್ಕೇ ಒಳಗಾಗಿರಬೇಕೆಂದು ಹಲವು ವಿದ್ವಾಂಸರು ತರ್ಕಿಸಿದ್ದಾರೆ. ತರ್ಕವು ಸರಿಯೇ. ಆದರೆ ಸಂತರ ವಿಗ್ರಹದ ಕೈಯಲ್ಲಿ ಇಂದಿಗೂ ಇರುವುದು ಆ ಕಬ್ಬಿಣದ ಚೌಕಟ್ಟೇ. ಬೆಂಕಿಯಲ್ಲಿ ಬೆಂದವರನ್ನು ಅಡುಗೆಯವರು ತಮ್ಮ ಪೋಷಕ ಸಂತರೆಂದು ಆರಿಸಿಕೊಂಡುದರಲ್ಲಿ ಜನಪದರ ದಿಟ್ಟ ವಿನೋದವೂ ಇದೆ. ಆಗಸ್ಟ್ ತಿಂಗಳ ಉಲ್ಕಾವೃಷ್ಟಿಯು ಇಟಲಿಯವರಿಗೆ ಸಂತ ಲಾರೆನ್ಸರ ಕಣ್ಣೀರು.

ಇದೇ ಸಂತರು ಕಾರ್ಕಳದ ಸಮೀಪದ ಅತ್ತೂರಿನಲ್ಲಿ ನೆಲೆಗೊಂಡ ಬಗೆಯು ಬೇರೆಯೇ ಆಗಿದೆ. 1759ರಲ್ಲಿ ಆರಂಭವಾದ ಇಲ್ಲಿಯ ಚರ್ಚು 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಯೊಯ್ದಾಗ ಹಾಳಾಯಿತು. 1799ರ ತರುವಾಯ ಮರಳಿದವರು ಮೊದಲು ಚಿಕ್ಕದೊಂದು ಚರ್ಚನ್ನು ಕಟ್ಟಿಕೊಂಡರು. ಮುಂದೆ ಹೊಸ ನಿವೇಶನವನ್ನು ಅರಸುತ್ತ ಪಾದ್ರಿಯೂ ಭಕ್ತರೂ ಸಂತರ ಪುಟ್ಟ ಮರದ ಪ್ರತಿಮೆಯೊಡನೆ ಹೊರಟರೆಂದು ಐತಿಹ್ಯ. ದಣಿದವರು ಒರತೆಯೊಂದರ ಬಳಿ ಪ್ರತಿಮೆಯನ್ನು ಇಳಿಸಿ ನೀರು ಕುಡಿದರು; ಮತ್ತೆ ಎತ್ತಹೋದರೆ ಅದು ಕದಲಲಿಲ್ಲ. ಇಲ್ಲಿಯೇ ಗುಡಿ ಕಟ್ಟುವೆವೆಂದು ಹರಕೆ ಹೊತ್ತ ಮೇಲಷ್ಟೇ ಅದು ಹಗುರವಾಯಿತು.

ನೆಲಕ್ಕೆ ಅಂಟಿದ ಮೂರ್ತಿಯ ಈ ಆಶಯವು ಗೋಕರ್ಣದ ಆತ್ಮಲಿಂಗದ ಕಥೆಯನ್ನು ಬಲ್ಲವರಿಗೆ ಹೊಸತಲ್ಲ. ಆದರೆ ಅಲ್ಲಿ ರಾವಣನ ತೋಳ್ಬಲವು ಸೋತು ಲಿಂಗವು ಉಳಿಯಿತು. ಇಲ್ಲಿ ಮಾತು ಕೊಟ್ಟಾಗ ಪ್ರತಿಮೆಯು ಮಣಿಯಿತು. ಸೆರೆಯಿಂದ ಮರಳಿ, ನೆಲೆಗಾಗಿ ಹಂಬಲಿಸುತ್ತಿದ್ದ ಜನರಿಗೆ ಬೇಕಾದುದು ಇಂಥದೇ ಕಥೆ. ಸಂತರೇ ಜಾಗವನ್ನು ಆರಿಸಿದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವವರಾರು?

ಜನವರಿಯ ಜಾತ್ರೆಗೆ ಅನ್ಯಮತೀಯರೂ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಇದನ್ನು ‘ಸೌಹಾರ್ದದ ಸಂಕೇತ’ವೆಂದು ಕರೆದು ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಆ ಮಾತು ಸುಳ್ಳಲ್ಲ, ಆದರೆ ಸೋಮಾರಿತನದ್ದು. ಸೌಹಾರ್ದವನ್ನು ಸಾರಲೆಂದು ಯಾರೂ ಮೋಂಬತ್ತಿ ಹಿಡಿದು ಸರತಿಯಲ್ಲಿ ನಿಲ್ಲುವುದಿಲ್ಲ. ಮಗುವಿನ ಕಾಯಿಲೆ, ಕೂಡಿಬರದ ಮದುವೆ, ಹೊತ್ತ ಹರಕೆ ಅವರನ್ನು ಕರೆತರುತ್ತವೆ. 2016ರಲ್ಲಿ ಈ ಚರ್ಚಿಗೆ ಮೈನರ್ ಬಸಿಲಿಕದ ಪದವಿ ದೊರೆತು, ರೋಮಿನೊಂದಿಗಿನ ನಂಟು ವಿಧ್ಯುಕ್ತವಾಗಿ ಗಟ್ಟಿಯಾಯಿತು. ಭಕ್ತರಾದರೋ ಆ ಒರತೆಯನ್ನು ಪುಷ್ಕರಿಣಿಯೆಂದೇ ಕರೆಯುತ್ತಾರೆ. ಬೆಂಕಿಯಲ್ಲಿ ಬೆಂದ ಸಂತರ ಪ್ರಸಾದವೆಂದು ಅದರ ನೀರನ್ನು ಮನೆಗೆ ಒಯ್ಯುತ್ತಾರೆ.