ತುಕ್ಕಿನೊಳಗಣ ವಿದ್ಯುತ್ತು

ಬಾದಾಮಿಯ ಮೂರನೆಯ ಗುಹಾಲಯದಲ್ಲಿ 578ರಲ್ಲಿ ಮಂಗಳೇಶನು ಕೆತ್ತಿಸಿದ ಶಾಸನವನ್ನು ನೋಡಿ ಹೊರಬಂದವರಿಗೆ ಸುತ್ತಣ ಬಂಡೆಗಳ ಕೆಂಪು ಕಣ್ಣಿಗೆ ತುಂಬುವುದು. ಮರಳುಗಲ್ಲಿನ ಕಣಗಳಿಗೆ ಅಂಟಿರುವ ಕಬ್ಬಿಣದ ಆಕ್ಸೈಡೇ ಆ ವರ್ಣಕ್ಕೆ ಕಾರಣ. ನಮ್ಮ ಮನೆಯ ಕಿಟಕಿಯ ಸರಳಿಗೆ ಮಳೆಗಾಲದಲ್ಲಿ ಹಿಡಿಯುವ ತುಕ್ಕು ಇದರ ಸಮೀಪಬಂಧು. ಕಬ್ಬಿಣವು ಭೂಮಿಯ ಮೇಲ್ಪದರದಲ್ಲಿ ಬಹುಮಟ್ಟಿಗೆ ಆಮ್ಲಜನಕದೊಡನೆ ಕೂಡಿಯೇ ಇರುವುದು. ಕುಲುಮೆಯ ಉರಿಯಿಂದ ನಾವು ಅದನ್ನು ಬೇರ್ಪಡಿಸುತ್ತೇವೆ. ತೇವ ಸಿಕ್ಕಿದೊಡನೆ ಅದು ಮರಳಿ ತನ್ನ ತವರಿನ ಹಾದಿ ಹಿಡಿಯುವುದು.

ಈ ಮರುಪಯಣವನ್ನು ನಡೆಸುವುದು ವಿದ್ಯುತ್ತು. 1800ರಲ್ಲಿ ಇಟಲಿಯ ವೋಲ್ಟಾ, ಎರಡು ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನಸಿದ ಬಟ್ಟೆಯನ್ನಿಟ್ಟು ನಿರಂತರವಾದ ವಿದ್ಯುತ್ಪ್ರವಾಹವನ್ನು ಪಡೆದನು. ನೆನೆದ ಕಬ್ಬಿಣದ ಮೇಲೆ ಅಂಥ ಕಿರುಕೋಶಗಳು ತಾವಾಗಿಯೇ ಏರ್ಪಡುವುವು. ಒಂದೆಡೆ ಕಬ್ಬಿಣವು ಕರಗಿ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು. ಅವು ಲೋಹದೊಳಗೆ ಹರಿದು ಮತ್ತೊಂದೆಡೆ ನೀರಿನಲ್ಲಿ ಬೆರೆತ ಆಮ್ಲಜನಕವನ್ನು ಸೇರುವುವು. ಹುನಗುಂದದ ಕಡೆಯ ಕೂಡಲಸಂಗಮದ ಹಿನ್ನೀರಿನಲ್ಲಿ ಒಂದು ಕಬ್ಬಿಣದ ಕಂಬವನ್ನು ನಿಲ್ಲಿಸಿದರೆ, ಗಾಳಿ ಹೆಚ್ಚಾಗಿ ದೊರೆಯುವ ನೀರಿನ ಮೇಲ್ಮಟ್ಟ ಅಷ್ಟಾಗಿ ಸವೆಯದು. ಗಾಳಿ ಕಡಮೆಯಾದ ಅದರ ತುಸು ಕೆಳಭಾಗವೇ ಹೆಚ್ಚಾಗಿ ಸವೆಯುವುದು.

ಈ ರಹಸ್ಯವನ್ನು ಮೊದಲು ಕಾರ್ಯಕ್ಕೆ ತಂದವನು ಇಂಗ್ಲೆಂಡಿನ ಹಂಫ್ರಿ ಡೇವಿ. ನೌಕಾಪಡೆಯ ಹಡಗುಗಳ ತಳಕ್ಕೆ ಹೊದಿಸಿದ ತಾಮ್ರವನ್ನು ಕಡಲು ತಿನ್ನುತ್ತಿದ್ದಿತು. 1824ರಲ್ಲಿ ಡೇವಿಯು ಆ ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದನು. ಅವು ತಾವು ಸವೆದು ತಾಮ್ರವನ್ನು ಉಳಿಸಿದುವು. ಆದರೆ ಕಡಲ ಜೀವಿಗಳನ್ನು ದೂರವಿಡುತ್ತಿದ್ದುದು ಕರಗುತ್ತಿದ್ದ ತಾಮ್ರವೇ! ಕರಗುವುದು ನಿಂತಾಗ ಪಾಚಿಯೂ ಚಿಪ್ಪುಜೀವಿಗಳೂ ಮುತ್ತಿ ಹಡಗಿನ ವೇಗ ಕುಗ್ಗಿತು. ನೌಕಾಪಡೆ ಆ ಕ್ರಮವನ್ನು ಕೈಬಿಟ್ಟಿತು. ಪ್ರಯೋಗ ಸೋತರೂ ತತ್ತ್ವ ಉಳಿಯಿತು. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪವನ್ನು ಕೊಡುವ ಹಕ್ಕುಪತ್ರವನ್ನು ಪಡೆದನು. ಇಳಕಲ್ಲಿನ ಸಂತೆಯಲ್ಲಿ ಕೊಂಡ ತಗಡಿನ ಬಕೆಟ್ಟೂ ಈ ತತ್ತ್ವದಿಂದಲೇ ಬಾಳುವುದು. ರಸಾಯನೋದ್ಯಮದ ಕೊಳವೆಗಳಿಗೂ ತೊಟ್ಟಿಗಳಿಗೂ ಇದೇ ರಕ್ಷೆ.

ಬಾಗಲಕೋಟೆಯ ಸೀಮೆ ಇನ್ನೊಂದು ರಕ್ಷೆಯನ್ನೂ ಒದಗಿಸಿದೆ. ಅಲ್ಲಿನ ಸುಣ್ಣದ ಕಲ್ಲಿನಿಂದ ಸಿಮೆಂಟು ಆಗುವುದು. ಸಿಮೆಂಟಿನ ಕ್ಷಾರಗುಣದಿಂದ ಒಳಗಿನ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದು ಕಟ್ಟಿ, ಕಬ್ಬಿಣ ಕರಗುವುದನ್ನು ಬಹುಮಟ್ಟಿಗೆ ತಡೆಯುವುದು. ಆದರೆ ಗಾಳಿಯಲ್ಲಿನ ಇಂಗಾಲಾಮ್ಲವಾಯು ವರ್ಷಗಳ ಕಾಲ ಒಳಗಿಳಿದು ಆ ಕ್ಷಾರವನ್ನು ಕುಂದಿಸುವುದು. ಉಪ್ಪು ಸೇರಿದರೆ ಪೊರೆ ಬೇಗನೆ ಹರಿಯುವುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಚಾವಣಿ ಒಳಗಿನಿಂದಲೇ ಬಿರಿಯುವುದು.

ಆದ್ದರಿಂದ ಚಾವಣಿಯಲ್ಲಿ ಸರಳಿನ ಜಾಡು ಹಿಡಿದ ಬಿರುಕು ಕಂಡಾಗ, ಅದನ್ನು ಸುಣ್ಣ ಬಳಿದು ಮರೆಮಾಡುವುದು ವಿವೇಕವಲ್ಲ. ಹೊರಗೆ ಕಾಣುವ ಆ ಗೆರೆಯ ಹಿಂದೆ, ನಾವು ಹಚ್ಚದ ವಿದ್ಯುತ್ಕೋಶವೊಂದು ಹಗಲಿರುಳೂ ಕೆಲಸಮಾಡುತ್ತಿರಬಹುದು.