ಮುಕ್ತ ತಂತ್ರಾಂಶ: ಉಚಿತವೂ ಸ್ವತಂತ್ರವೂ ಒಂದೇ ಅಲ್ಲ

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ತಂತ್ರಜ್ಞರು ಬರೆಯುವ, ಮನುಷ್ಯರು ಓದಿ ತಿಳಿಯಬಲ್ಲ ಅದರ ಮೂಲರೂಪವೇ ಆಕರ ಸಂಕೇತ. ಈ ಸಂಕೇತವನ್ನು ಯಾರು ಬೇಕಾದರೂ ನೋಡಲು, ತಿದ್ದಲು ಮತ್ತು ಹಂಚಲು ಪರವಾನಗಿಯೇ ಅನುಮತಿ ನೀಡಿದ್ದರೆ ಅದು ಮುಕ್ತ ತಂತ್ರಾಂಶ. ಸಂಕೇತವನ್ನು ಗುಟ್ಟಾಗಿರಿಸಿ, ಬಳಸುವ ಹಕ್ಕನ್ನು ಮಾತ್ರ ಕೊಡುವುದು ಖಾಸಗಿ ಒಡೆತನದ ತಂತ್ರಾಂಶ. ಇವೆರಡರ ನಡುವಿನ ವಾದವು ಕೇವಲ ಬೆಲೆಗೆ ಸಂಬಂಧಿಸಿದ್ದಲ್ಲ. ಯಂತ್ರದ ಮೇಲಿನ ಅಧಿಕಾರ ಅದನ್ನು ತಯಾರಿಸಿದವನದೋ ಬಳಸುವವನದೋ ಎಂಬುದೇ ಇಲ್ಲಿನ ಮೂಲಪ್ರಶ್ನೆ.

ವಾದದ ಮೊದಲು

ಗಣಕಯಂತ್ರಗಳ ಆರಂಭದ ದಿನಗಳಲ್ಲಿ ತಂತ್ರಾಂಶವನ್ನು ಪ್ರತ್ಯೇಕ ಸರಕೆಂದು ಬಗೆಯುವ ರೂಢಿ ಅಷ್ಟಾಗಿ ಇರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿಯೂ ಹವ್ಯಾಸಿಗಳ ಕೂಟಗಳಲ್ಲಿಯೂ ಅದು ಕೈಯಿಂದ ಕೈಗೆ ಸಾಗುತ್ತಿತ್ತು. ರೈತನೊಬ್ಬ ತನ್ನ ಕಣದ ಬಿತ್ತನೆ ರಾಗಿಯನ್ನು ನೆರೆಯವನಿಗೆ ಕೊಟ್ಟು, ಮುಂದಿನ ವರ್ಷ ಅವನಿಂದ ಬೇರೊಂದು ಬೀಜವನ್ನು ಪಡೆಯುವಂತಹ ವ್ಯವಹಾರ ಅದಾಗಿತ್ತು. 1976ರಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದು ಈ ರೂಢಿಯನ್ನು ಕಟುವಾಗಿ ಆಕ್ಷೇಪಿಸಿದರು. ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡುವುದು ಕಳವಿಗೆ ಸಮಾನ. ಶ್ರಮಕ್ಕೆ ಪ್ರತಿಫಲವಿಲ್ಲದಿದ್ದರೆ ಒಳ್ಳೆಯ ತಂತ್ರಾಂಶ ಹುಟ್ಟುವುದೇ ಇಲ್ಲ ಎಂಬುದು ಅವರ ವಾದವಾಗಿತ್ತು. ಮುಂದಿನ ಎರಡು ದಶಕಗಳ ಉದ್ಯಮ ಬೆಳೆದದ್ದು ಬಹುಮಟ್ಟಿಗೆ ಈ ನಿಲುವಿನ ಮೇಲೆಯೇ.

ಒಂದು ಮುದ್ರಕದ ಪ್ರಸಂಗ

ಇದಕ್ಕೆ ಎದುರಾದ ನಿಲುವು ರೂಪುಗೊಂಡದ್ದು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ. ಅಲ್ಲಿ ಕೆಲಸ ಮಾಡುತ್ತಿದ್ದ ರಿಚರ್ಡ್ ಸ್ಟಾಲ್ಮನ್, ಮುದ್ರಕದಲ್ಲಿ ಕಾಗದ ಸಿಕ್ಕಿಕೊಂಡಾಗ ಕಾದಿರುವವರಿಗೆ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಜೆರಾಕ್ಸ್ ಸಂಸ್ಥೆಯ ಹೊಸ ಮುದ್ರಕ ಬಂದಾಗ ಅದರ ಆಕರ ಸಂಕೇತ ಲಭ್ಯವಿರಲಿಲ್ಲ. ಸಂಕೇತವನ್ನು ಹೊಂದಿದ್ದ ಬೇರೊಂದು ವಿಶ್ವವಿದ್ಯಾಲಯದ ಸಂಶೋಧಕರು, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುವುದಾಗಿ ಹೇಳಿ ಅದನ್ನು ಕೊಡಲು ನಿರಾಕರಿಸಿದರು. ಸಣ್ಣದಾಗಿ ಕಾಣುವ ಈ ಪ್ರಸಂಗವೇ ಸ್ಟಾಲ್ಮನ್ ಅವರ ನಿಲುವನ್ನು ಗಟ್ಟಿಗೊಳಿಸಿತು. ಕೆಟ್ಟ ಯಂತ್ರವನ್ನು ಸರಿಪಡಿಸಬಲ್ಲವನು ಎದುರಿಗಿದ್ದರೂ ಅವನ ಕೈ ಕಟ್ಟಿಹಾಕುವ ಒಪ್ಪಂದವು ಅನೈತಿಕವೆಂದು ಅವರು ತೀರ್ಮಾನಿಸಿದರು.

1983ರ ಸೆಪ್ಟೆಂಬರ್‌ನಲ್ಲಿ ಅವರು ಗ್ನೂ ಯೋಜನೆಯನ್ನು ಪ್ರಕಟಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪನೆಯಾಯಿತು. ಈ ಚಳವಳಿಯು ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳನ್ನು ಕೇಳುತ್ತದೆ: ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವುದು, ಅದು ಹೇಗೆ ನಡೆಯುತ್ತದೆಂದು ಅರಿತು ಅಗತ್ಯಕ್ಕೆ ತಕ್ಕಂತೆ ಬದಲಿಸುವುದು, ಪ್ರತಿಗಳನ್ನು ಹಂಚುವುದು, ತಿದ್ದಿದ ಆವೃತ್ತಿಯನ್ನೂ ಹಂಚುವುದು.

ಇಲ್ಲಿ ಹಣದ ಮಾತಿಲ್ಲವೆಂಬುದನ್ನು ಗಮನಿಸಬೇಕು. ಮುಕ್ತ ತಂತ್ರಾಂಶವನ್ನು ಮಾರುವುದಕ್ಕೆ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದವು ಬೆಲೆಯಿಲ್ಲದ್ದು, ಬಂಧನವಿಲ್ಲದ್ದು ಎಂಬ ಎರಡೂ ಅರ್ಥಗಳನ್ನು ಹೊತ್ತಿರುವುದರಿಂದ ಚಳವಳಿಯು ಆರಂಭದಿಂದಲೂ ವಿವರಣೆ ಕೊಡುತ್ತಲೇ ಬರಬೇಕಾಯಿತು. ಕನ್ನಡಕ್ಕೆ ಈ ತೊಡಕಿಲ್ಲ. ಉಚಿತ ಬೇರೆ, ಮುಕ್ತ ಬೇರೆ.

ಪರವಾನಗಿಯ ಉಪಾಯ

ಹಂಚಿದ್ದನ್ನು ಇನ್ನೊಬ್ಬರು ಬಾಚಿಕೊಂಡು ಬೀಗ ಹಾಕದಂತೆ ತಡೆಯುವುದು ಹೇಗೆ? ಇದಕ್ಕೆ ಉತ್ತರವಾಗಿ 1989ರಲ್ಲಿ ಗ್ನೂ ಜನರಲ್ ಪಬ್ಲಿಕ್ ಲೈಸೆನ್ಸ್, ಅಂದರೆ ಜಿಪಿಎಲ್ ರೂಪುಗೊಂಡಿತು. ಕೃತಿಸ್ವಾಮ್ಯದ ಕಾನೂನನ್ನೇ ಬಳಸಿಕೊಂಡು ಅದರ ಪರಿಣಾಮವನ್ನು ತಿರುಗಿಸಿದ ಉಪಾಯವಿದು. ಸಂಕೇತವನ್ನು ಯಾರು ಬೇಕಾದರೂ ತಿದ್ದಬಹುದು. ಆದರೆ ತಿದ್ದಿದ್ದನ್ನು ವಿತರಿಸುವವರು ಅದೇ ಷರತ್ತಿನಡಿಯಲ್ಲಿ, ಆಕರ ಸಂಕೇತದೊಡನೆಯೇ ವಿತರಿಸಬೇಕು. ಇದರ ಮೂರನೆಯ ಆವೃತ್ತಿ 2007ರಲ್ಲಿ ಹೊರಬಂದಿತು. ಅದರ ಕರಡಿನ ಬಗೆಗೆ ನಡೆದ ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಒಂದು 2006ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಜರುಗಿತು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾವು ಹವ್ಯಾಸಕ್ಕಾಗಿ ಬರೆಯುತ್ತಿದ್ದ ಲಿನಕ್ಸ್ ತಿರುಳನ್ನು ಪ್ರಕಟಿಸಿ, ಮರುವರ್ಷ ಅದನ್ನು ಜಿಪಿಎಲ್ ಅಡಿಗೆ ತಂದರು. ಗ್ನೂ ಯೋಜನೆಯ ಉಪಕರಣಗಳೂ ಈ ತಿರುಳೂ ಕೂಡಿದಾಗ ಪೂರ್ಣ ಪ್ರಮಾಣದ ಮುಕ್ತ ಕಾರ್ಯಾಚರಣ ವ್ಯವಸ್ಥೆ ಸಿದ್ಧವಾಯಿತು. ಇಂದು ಆಂಡ್ರಾಯ್ಡ್ ಮೊಬೈಲುಗಳ ಒಳಗೂ ಲಿನಕ್ಸ್ ತಿರುಳೇ ಇದೆ. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅತಿವೇಗದ 500 ಮಹಾಗಣಕಗಳ ಪಟ್ಟಿಯಲ್ಲಿರುವುದೆಲ್ಲವೂ ಲಿನಕ್ಸ್ ಆಧಾರಿತ ಯಂತ್ರಗಳೇ.

ಎರಡು ಹೆಸರು, ಎರಡು ನಿಲುವು

1998ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ತನ್ನ ಬ್ರೌಸರಿನ ಸಂಕೇತವನ್ನು ಬಿಡುಗಡೆ ಮಾಡಲು ನಿರ್ಧರಿಸಿದ ಸಂದರ್ಭದಲ್ಲಿ ಕ್ರಿಸ್ಟಿನ್ ಪೀಟರ್ಸನ್ 'ಓಪನ್ ಸೋರ್ಸ್' ಎಂಬ ಹೆಸರನ್ನು ಸೂಚಿಸಿದರು. ಎರಿಕ್ ರೇಮಂಡ್ ಮತ್ತು ಬ್ರೂಸ್ ಪೆರೆನ್ಸ್ ಅದೇ ವರ್ಷ ಓಪನ್ ಸೋರ್ಸ್ ಇನಿಷಿಯೇಟಿವ್ ಸಂಸ್ಥೆಯನ್ನು ಕಟ್ಟಿದರು. ಸಂಕೇತವನ್ನು ಹಲವರು ಪರಿಶೀಲಿಸಿದಷ್ಟೂ ದೋಷಗಳು ಬೇಗ ಬಯಲಾಗುತ್ತವೆ, ಆದ್ದರಿಂದ ತೆರೆದ ವಿಧಾನವೇ ಉತ್ತಮ ತಂತ್ರಾಂಶಕ್ಕೆ ದಾರಿ ಎಂಬುದು ರೇಮಂಡ್ ಅವರ ಪ್ರತಿಪಾದನೆ. ಸ್ಟಾಲ್ಮನ್ ಇದನ್ನು ಒಪ್ಪಲಿಲ್ಲ. ಗುಣಮಟ್ಟವನ್ನೇ ಮುಖ್ಯ ಕಾರಣವಾಗಿಸಿದರೆ ಸ್ವಾತಂತ್ರ್ಯದ ಮಾತು ಹಿಂದೆ ಸರಿಯುತ್ತದೆ. ಕಳಪೆಯಾಗಿದ್ದರೂ ಸ್ವತಂತ್ರವಾದ ತಂತ್ರಾಂಶವೇ ಮೇಲು ಎಂಬುದು ಅವರ ಪಟ್ಟು. ಎರಡು ಪಂಗಡಗಳ ಪರವಾನಗಿಗಳು ಬಹುಪಾಲು ಒಂದೇ ಆದರೂ ಕಾರಣಗಳು ಬೇರೆ.

ಉದ್ಯಮವು ಎರಡನೆಯ ಹೆಸರನ್ನು ಅಪ್ಪಿಕೊಂಡಿತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ ಸ್ಟೀವ್ ಬಾಲ್ಮರ್ ಮುಖ್ಯಸ್ಥರಾಗಿದ್ದ ಮೈಕ್ರೋಸಾಫ್ಟ್, 2018ರಲ್ಲಿ ಮುಕ್ತ ಸಂಕೇತದ ಅತಿದೊಡ್ಡ ಉಗ್ರಾಣವಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು.

ತಂತ್ರಾಂಶದಿಂದ ಸಂಸ್ಕೃತಿಗೆ

ಇದೇ ವಿಚಾರವನ್ನು ಬರೆಹ, ಸಂಗೀತ, ಚಿತ್ರಗಳಿಗೆ ವಿಸ್ತರಿಸಿದ್ದು 2001ರಲ್ಲಿ ಹುಟ್ಟಿದ ಕ್ರಿಯೇಟಿವ್ ಕಾಮನ್ಸ್. ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಇದರ ಸಂಸ್ಥಾಪಕರಲ್ಲಿ ಪ್ರಮುಖರು. ಕೃತಿಕಾರನು ತನ್ನ ಹೆಸರನ್ನು ಉಳಿಸಿಕೊಂಡು, ಮರುಬಳಕೆಗೆ ಮುಂಗಡವಾಗಿಯೇ ಒಪ್ಪಿಗೆ ನೀಡುವ ವ್ಯವಸ್ಥೆ ಇದು. ಅದೇ ವರ್ಷದ ಜನವರಿಯಲ್ಲಿ ಆರಂಭವಾದ ವಿಕಿಪೀಡಿಯ ಈ ಸಂಸ್ಕೃತಿಯ ದೊಡ್ಡ ಫಲ. ಕನ್ನಡ ವಿಕಿಪೀಡಿಯ 2003ರಲ್ಲಿ ಮೊದಲಾಯಿತು.

ಭಾರತದಲ್ಲಿ ಸಾಹಿತ್ಯ ಕೃತಿಯ ಹಕ್ಕು ಲೇಖಕನ ಮರಣಾನಂತರ 60 ವರ್ಷ ಉಳಿಯುತ್ತದೆ. ಮರುಮುದ್ರಣವಿಲ್ಲದೆ ಅಂಗಡಿಯಲ್ಲಿಯೂ ಸಿಗದೆ, ಗಣಕೀಕರಣಕ್ಕೂ ಅನುಮತಿ ದೊರೆಯದೆ ಎಷ್ಟೋ ಕನ್ನಡ ಪುಸ್ತಕಗಳು ಈ ಅವಧಿಯಲ್ಲಿ ಓದುಗರ ಕಣ್ಣಿನಿಂದ ಮರೆಯಾಗುತ್ತವೆ. ಕಾದಂಬರಿಕಾರ ನಿರಂಜನರ ಕೃತಿಗಳೂ ಮೈಸೂರು ವಿಶ್ವವಿದ್ಯಾನಿಲಯದ ವಿಶ್ವಕೋಶವೂ ಮುಕ್ತ ಪರವಾನಗಿಯಡಿ ಬಂದದ್ದು ಈ ದೃಷ್ಟಿಯಿಂದ ಮಹತ್ವದ್ದು.

ಕನ್ನಡದ ಪಾಠ

ಮುಕ್ತತೆಯ ಬೆಲೆ ಏನೆಂಬುದನ್ನು ಕನ್ನಡವು ಸ್ವಂತ ಅನುಭವದಿಂದ ಕಲಿತಿದೆ. ಒಂದು ಕಾಲದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರವಿನ್ಯಾಸಕ್ಕೂ ಬೇರೆ ಬೇರೆ ಸಂಕೇತಕ್ರಮವಿತ್ತು. ಒಂದರಲ್ಲಿ ಬೆರಳಚ್ಚು ಮಾಡಿದ ಕಡತವು ಇನ್ನೊಂದು ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಅದರಲ್ಲಿ ಒಂದು ಪದವನ್ನು ಹುಡುಕುವುದೂ ಅಸಾಧ್ಯವಾಗಿತ್ತು. ಅಂದಿನ ಹಲವು ಕನ್ನಡ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತಿದ್ದವು. ಆದರೆ ಉಚಿತವಾದದ್ದೆಲ್ಲ ಮುಕ್ತವಾಗಿರಲಿಲ್ಲ. ತಯಾರಕರು ಕೈಬಿಟ್ಟರೆ ಮುಂದುವರಿಸುವ ಹಕ್ಕು ಯಾರಿಗೂ ಇರಲಿಲ್ಲ.

1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ನೀಡಿದ್ದ ಯೂನಿಕೋಡ್ ಎಂಬ ಮುಕ್ತ ಶಿಷ್ಟತೆಯು ಬಳಕೆಗೆ ಬಂದ ಮೇಲೆ ಈ ಗೊಂದಲ ಕ್ರಮೇಣ ತಗ್ಗಿತು. ಸಂಕೇತ ಒಂದಾದರೆ ಸಾಲದು. ಒತ್ತಕ್ಷರಗಳು ಸರಿಯಾಗಿ ಮೂಡಲು ಅಕ್ಷರಗಳನ್ನು ಜೋಡಿಸುವ ತಂತ್ರಾಂಶವೂ ಬೇಕು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಆ ಕೆಲಸ ಮಾಡುವ ಹಾರ್ಫ್‌ಬಜ್ ಮುಕ್ತ ತಂತ್ರಾಂಶವೇ. ಲೋಹಿತ್ ಕನ್ನಡ, ನವಿಲು, ಗುಬ್ಬಿ ಮೊದಲಾದ ಅಕ್ಷರವಿನ್ಯಾಸಗಳೂ ಮುಕ್ತವಾಗಿವೆ. ಸಣ್ಣ ಮಾರುಕಟ್ಟೆಯ ಭಾಷೆಗೆ ಇದರ ಲಾಭ ಹೆಚ್ಚು. ಕನ್ನಡದ ಒಂದು ದೋಷವನ್ನು ತಿದ್ದಲು ಯಾವುದೋ ದೂರದ ಸಂಸ್ಥೆಯ ದಯೆಗೆ ಕಾಯಬೇಕಿಲ್ಲ. ಬಲ್ಲ ಕನ್ನಡಿಗನೊಬ್ಬ ತಿದ್ದಿ ಕೊಟ್ಟರೆ ಅದು ಎಲ್ಲರಿಗೂ ದಕ್ಕುತ್ತದೆ.

ಮಿತಿಗಳು

ತೆರೆದಿಟ್ಟ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂಬ ನಂಬಿಕೆಗೆ ಪೆಟ್ಟು ಬಿದ್ದದ್ದೂ ಉಂಟು. ಅಂತರಜಾಲದ ಗೋಪ್ಯ ವ್ಯವಹಾರಕ್ಕೆ ಆಧಾರವಾಗಿದ್ದ ಓಪನ್ ಎಸ್ಎಸ್ಎಲ್‌ನಲ್ಲಿ ಎರಡು ವರ್ಷ ಅಡಗಿದ್ದ ಹಾರ್ಟ್‌ಬ್ಲೀಡ್ ದೋಷ 2014ರಲ್ಲಿ ಬೆಳಕಿಗೆ ಬಂದಿತು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಉಪಕರಣದೊಳಗೆ ಯಾರೋ ಹುದುಗಿಸಿದ್ದ ಕಳ್ಳಬಾಗಿಲನ್ನು ತಂತ್ರಜ್ಞ ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದರು. ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ಆ ಉಪಕರಣವನ್ನು ವರ್ಷಗಳ ಕಾಲ ಬಹುತೇಕ ಒಬ್ಬರೇ, ಸಂಬಳವಿಲ್ಲದೆ ನಿರ್ವಹಿಸುತ್ತಿದ್ದರು. ಅವರ ಆಯಾಸವನ್ನೇ ಬಳಸಿಕೊಂಡು ಅಪರಿಚಿತನೊಬ್ಬ ವಿಶ್ವಾಸ ಗಳಿಸಿದ್ದನು. ಸಂಕೇತ ತೆರೆದಿದ್ದುದರಿಂದಲೇ ಮೋಸವನ್ನು ಬಿಡಿಸಿ ನೋಡಲು ಸಾಧ್ಯವಾಯಿತೆಂಬುದು ನಿಜ. ಕೋಟ್ಯಂತರ ಜನ ಬಳಸುವುದನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲವೆಂಬುದೂ ಅಷ್ಟೇ ನಿಜ. ಶ್ರಮಕ್ಕೆ ಪ್ರತಿಫಲವೆಲ್ಲಿ ಎಂದು 1976ರಲ್ಲಿ ಎತ್ತಿದ ಪ್ರಶ್ನೆಗೆ ಮುಕ್ತ ತಂತ್ರಾಂಶದ ಪಾಳೆಯದಿಂದ ಪೂರ್ಣ ಉತ್ತರ ಇನ್ನೂ ಬಂದಿಲ್ಲ.

ಸರಕಾರದ ಪಾತ್ರ

ಭಾರತ ಸರಕಾರವು 2015ರಲ್ಲಿ ತನ್ನ ಇ-ಆಡಳಿತ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಕೇರಳವು ಅದಕ್ಕೂ ಮೊದಲೇ ತನ್ನ ಶಾಲೆಗಳ ಗಣಕ ಶಿಕ್ಷಣದಲ್ಲಿ ಇದನ್ನು ವ್ಯಾಪಕವಾಗಿ ಅಳವಡಿಸಿತ್ತು. ತೆರಿಗೆಯ ಹಣದಿಂದ ಸಿದ್ಧವಾದ ತಂತ್ರಾಂಶವು ತೆರಿಗೆದಾರರಿಗೆ ತೆರೆದಿರಬೇಕೆಂಬ ವಾದ ಸರಳವಾದದ್ದು. ಪಹಣಿ, ಜನನ ಪ್ರಮಾಣಪತ್ರ, ಪಡಿತರ ಚೀಟಿಗಳೆಲ್ಲ ಗಣಕದೊಳಗೆ ಸೇರಿರುವ ಈ ದಿನಗಳಲ್ಲಿ, ಆ ದಾಖಲೆಗಳು ಇನ್ನು ಐವತ್ತು ವರ್ಷಗಳ ನಂತರವೂ ತೆರೆದುಕೊಳ್ಳುವವೇ ಎಂಬುದು ತಂತ್ರಜ್ಞರಿಗಷ್ಟೇ ಸೇರಿದ ಪ್ರಶ್ನೆಯಲ್ಲ. ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ನಾಗರಿಕನೂ ಕೇಳಬೇಕಾಗುತ್ತದೆ.