ತಾಯಿಯ ತಂದೆ: ಎರಡೂ ಲೆಕ್ಕದ ನಡುವೆ ಬಿಟ್ಟುಹೋದ ಕುದುರೆ

ಪಡುಬಿದ್ರಿಯಿಂದ ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ನಂದಿಕೂರಿನ ಹೆಸರು ಕಂಬಳದ ದಿನಗಳಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿನ ಅಡ್ವೆಯ ಜೋಡುಕರೆ ಕಂಬಳಕ್ಕೆ ಕೋಟಿ-ಚೆನ್ನಯರ ಹೆಸರಿದೆ. ಕರೆಯ ಬದಿಯಲ್ಲಿ ನಿಂತವರು ಓಡುವ ಕೋಣಗಳನ್ನು ಗುರುತಿಸುವುದು ಯಜಮಾನರ ಮನೆತನದ ಹೆಸರಿನಿಂದ. ಕಾಲು ಹೇಗಿದೆ, ಎದೆ ಹೇಗಿದೆ, ಕಳೆದ ವರ್ಷ ಎಲ್ಲಿ ಗೆದ್ದಿತು ಎಂಬ ಚರ್ಚೆ ನಡೆಯುತ್ತದೆ. ಅದರ ತಾಯಿ ಯಾವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಮನುಷ್ಯರ ವಿಷಯ ಬಂದಾಗ ಅದೇ ಜನ ಮೊದಲು ಕೇಳುವುದು ತಾಯಿಯ ಕಡೆಯನ್ನೇ. ತುಳುನಾಡಿನ ಬಂಟರು, ಬಿಲ್ಲವರು ಮೊದಲಾದವರಲ್ಲಿ ಮಕ್ಕಳ ಬರಿ, ಅಂದರೆ ಬಳಿ, ತಾಯಿಯಿಂದ ಬರುತ್ತದೆ. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿಯೂ ಹಾಗೆಯೇ ಹರಿಯುತ್ತಿತ್ತು. ಕೋಟಿ-ಚೆನ್ನಯರನ್ನೂ ಜನ ನೆನೆಯುವುದು ದೇಯಿ ಬೈದೆತಿಯ ಮಕ್ಕಳೆಂದು. ಸಾಯನ ಬೈದ್ಯರ ಅಳಿಯಂದಿರೆಂದು. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆಸ್ತಿಯ ರೀತಿಯನ್ನು ಬದಲಿಸಿದರೂ ಮದುವೆಯ ಮಾತುಕತೆಯಲ್ಲಿ ಬರಿ ಕೇಳುವುದು ನಿಂತಿಲ್ಲ.

ಈ ಎರಡು ಲೆಕ್ಕಗಳ ನಡುವೆ ಒಬ್ಬ ಬಿಟ್ಟುಹೋಗುತ್ತಾನೆ. ಅವನು ತಾಯಿಯ ತಂದೆ. ತಂದೆಯ ವಂಶವನ್ನು ಹಿಡಿದು ಹೋದರೆ ಅವನು ಸಿಗುವುದಿಲ್ಲ, ಏಕೆಂದರೆ ಅವನು ತಂದೆಯ ಕಡೆಯವನಲ್ಲ. ತಾಯಿಯ ಬಳಿಯನ್ನು ಹಿಡಿದು ಹೋದರೂ ಸಿಗುವುದಿಲ್ಲ, ಏಕೆಂದರೆ ಅವನ ಬಳಿಯೇ ಬೇರೆ. ಮೊಮ್ಮಗನ ಮೈಯಲ್ಲಿ ಕಾಲುಪಾಲು ರಕ್ತ ಅವನದೇ ಇದ್ದರೂ ಲೆಕ್ಕದ ಪುಸ್ತಕದಲ್ಲಿ ಅವನಿಗೆ ಸ್ಥಾನವಿಲ್ಲ. ರೇಸ್ ಕುದುರೆಗಳ ಲೋಕದಲ್ಲಿ ಬಹುಕಾಲ ನಡೆದದ್ದೂ ಇದೇ. ತಳಿಗಾಗಿ ಬಿಡುವ ಗಂಡುಕುದುರೆಯನ್ನು, ಅಂದರೆ ಬೀಜದ ಕುದುರೆಯನ್ನು, ಅದರ ಗಂಡುಮಕ್ಕಳ ಓಟದಿಂದ ಅಳೆಯುವುದು ಸುಲಭ. ಅದರ ಹೆಣ್ಣುಮಕ್ಕಳು ಎಂಥ ತಾಯಂದಿರಾಗುತ್ತಾರೆ ಎಂದು ಮೊದಲೇ ಹೇಳುವುದು ಹೇಗೆ? ಇಂಗ್ಲಿಷಿನವರು 'ಬ್ರೂಡ್‌ಮೇರ್ ಸೈರ್' ಎಂದು ಕರೆಯುವ ಈ ತಾಯಿಯ ತಂದೆಯನ್ನು ಗುರುತಿಸುವ ಪ್ರಯತ್ನಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಕರಾವಳಿಗೆ ಕುದುರೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳದಂಥ ಬಂದರುಗಳಲ್ಲಿ ಅರಬ್ಬಿ ಕುದುರೆಗಳು ಇಳಿಯುತ್ತಿದ್ದವು. ಅರಸನು ಹೋರ್ಮುಜ್ ಕುದುರೆ, ನಾಡಕುದುರೆ ಸೇರಿಸಿ ವರ್ಷಕ್ಕೆ 13,000 ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನಂತೂ ಹಡಗಿನಲ್ಲೇ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ. ಬಾಲವನ್ನು ತಂದು ತೋರಿಸಿದರೆ ಸಾಕಿತ್ತು! ವರ್ತಕರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗಲಾರ. ಆದರೆ ವರ್ಷವರ್ಷವೂ ಹಡಗಿನಿಂದ ಕೊಳ್ಳುವವನಿಗೆ ತಾಯಿಕುದುರೆಯ ಚಿಂತೆ ಬೇಕಿಲ್ಲ. ಆ ಚಿಂತೆ ಹುಟ್ಟುವುದು ಕುದುರೆಯನ್ನು ಮನೆಯಲ್ಲೇ ಹುಟ್ಟಿಸಬೇಕೆಂದು ಹೊರಟಾಗ. ಕರ್ನಾಟಕದಲ್ಲಿ ಅದಕ್ಕೆ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯ ಕುಣಿಗಲ್. ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಒದಗಿಸುತ್ತಿದ್ದ ಅಲ್ಲಿನ ಫಾರಂ ಟಿಪ್ಪುವಿನ ನಂತರ ಬ್ರಿಟಿಷರ ಮತ್ತು ಮೈಸೂರಿನ ಕೈ ದಾಟಿ ಬಂತು. ಕಾಲಕ್ರಮದಲ್ಲಿ ಅಲ್ಲಿ ಸೈನ್ಯದ ಕುದುರೆಯ ಜಾಗಕ್ಕೆ ರೇಸಿನ ಥರೋಬ್ರೆಡ್ ಬಂತು. 1992ರಲ್ಲಿ ಸರ್ಕಾರ ಅದನ್ನು ವಿಜಯ ಮಲ್ಯ ಅವರ ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು.

ಥರೋಬ್ರೆಡ್ ಎಂಬ ತಳಿಯ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಗಂಡುಗಳಿಂದ ಆರಂಭಿಸುತ್ತಾರೆ. ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್ ಮತ್ತು ಗಾಡಾಲ್ಫಿನ್ ಅರೇಬಿಯನ್. 1791ರಲ್ಲಿ ವೆದರ್‌ಬಿ ಹೊರತಂದ ವಂಶಾವಳಿ ಪುಸ್ತಕದಲ್ಲಿ ಹೆಣ್ಣುಕುದುರೆಗಳೂ ಇದ್ದವು. ಎಷ್ಟೋ ಹಳೆಯ ತಾಯಿಕುದುರೆಗಳಿಗೆ ಸ್ವಂತ ಹೆಸರೂ ಇರಲಿಲ್ಲ; ಇಂಥವನ ಕುದುರೆ ಎಂದಷ್ಟೇ ದಾಖಲೆ.

ಈ ತಾಯಂದಿರನ್ನು ಲೆಕ್ಕಕ್ಕೆ ತಂದವನು ಆಸ್ಟ್ರೇಲಿಯದ ಬ್ರೂಸ್ ಲೋ. ಇಂಗ್ಲೆಂಡಿನ ಡರ್ಬಿ, ಓಕ್ಸ್, ಸೇಂಟ್ ಲೆಜರ್ ಗೆದ್ದ ಕುದುರೆಗಳ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಹಿಂದೆ ಹಿಂದೆ ಹೋಗಿ 43 ಮೂಲ ಕುಟುಂಬಗಳನ್ನು ಗುರುತಿಸಿದ. ಹೆಚ್ಚು ಗೆಲುವು ತಂದ ಕುಟುಂಬಕ್ಕೆ ಒಂದನೆಯ ನಂಬರು. ಅವನು ಸತ್ತ ಮೇಲೆ, 1895ರಲ್ಲಿ, ಪುಸ್ತಕ ಹೊರಬಂತು. ತುಳುವರು ನೋಡಿದರೆ 'ಇದು ನಮ್ಮ ಬರಿಯಲ್ಲವೇ' ಎಂದಾರು. ಲೋ ಹಾಕಿದ ನಂಬರುಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ನಂಬರು ಸಣ್ಣದಾದಷ್ಟೂ ಕುದುರೆ ಉತ್ತಮ ಎಂಬ ಅವನ ನಂಬಿಕೆ ನಿಲ್ಲಲಿಲ್ಲ. ಯಾವ ಕುಟುಂಬದಲ್ಲಿ ಕುದುರೆಗಳ ಸಂಖ್ಯೆ ಹೆಚ್ಚೋ ಅಲ್ಲಿ ಗೆದ್ದವೂ ಹೆಚ್ಚಿರುವುದು ಸಹಜ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಪರೀಕ್ಷಿಸಿದ ವಿಜ್ಞಾನಿಗಳು, ಪುಸ್ತಕದಲ್ಲಿ ಒಂದೇ ಎಂದು ಬರೆದ ಕೆಲವು ಕುಟುಂಬಗಳಲ್ಲಿ ಬೇರೆಯವೂ ಬೆರೆತಿವೆ ಎಂದು 2002ರಲ್ಲಿ ತೋರಿಸಿದರು. ತಾಯಿಯ ತಂದೆಗೆ ಲೋ ಪದ್ಧತಿಯಲ್ಲೂ ಜಾಗ ಸಿಗಲಿಲ್ಲವೆಂಬುದು ನಮ್ಮ ಕಥೆಗೆ ಮುಖ್ಯ.

ಅವನಿಗೆ ಜಾಗ ಸಿಕ್ಕಿದ್ದು ಫ್ರೆಂಚ್ ಸೇನಾಧಿಕಾರಿ ವುಯಿಯೆಯ ಲೆಕ್ಕದಲ್ಲಿ. ವುಯಿಯೆ ಒಂದು ಗೆರೆಯನ್ನಷ್ಟೇ ಹಿಡಿಯದೆ, ಒಳ್ಳೆಯ ಕುದುರೆಗಳ ಹನ್ನೆರಡು ತಲೆಮಾರಿನ ಹಿರಿಯರನ್ನೆಲ್ಲ ಬಿಡಿಸಿಟ್ಟ. ಹನ್ನೆರಡನೆಯ ತಲೆಮಾರಿನಲ್ಲಿ ಒಂದು ಕುದುರೆಗೆ 4,096 ಪೂರ್ವಜರು! ತಂದೆಯ ಕಡೆ, ತಾಯಿಯ ಕಡೆ ಎನ್ನದೆ ಯಾರ ಹೆಸರು ಎಷ್ಟು ಸಲ ಬರುತ್ತದೆಂದು ಎಣಿಸಿದ. ಮುಂಬಯಿ, ಪುಣೆಗಳಿಗೂ ಪರಿಚಿತರಾಗಿದ್ದ ಮೂರನೆಯ ಆಗಾ ಖಾನ್ ಅವನ ಸಲಹೆ ಪಡೆದು ಯೂರೋಪಿನಲ್ಲಿ ದೊಡ್ಡ ಕುದುರೆ ಸಂಸಾರ ಕಟ್ಟಿದರು. ವುಯಿಯೆಯ ಮಹಾಪೂರ್ವಜರ ಪಟ್ಟಿಯಲ್ಲಿ ಒಂದೇ ಒಂದು ಹೆಣ್ಣುಕುದುರೆಯಿದೆ. 1837ರಲ್ಲಿ ಹುಟ್ಟಿದ ಪೊಕಾಹಾಂಟಸ್. ಅವಳ ಮಗ ಕಿಂಗ್ ಟಾಮ್. ಕಿಂಗ್ ಟಾಮ್‌ನ ಮಗಳು ಸೇಂಟ್ ಏಂಜೆಲಾ. ಆ ಮಗಳ ಮಗನೇ ಹತ್ತೊಂಬತ್ತನೆಯ ಶತಮಾನದ ಮಹಾ ಕುದುರೆಗಳಲ್ಲೊಂದಾದ ಸೇಂಟ್ ಸೈಮನ್.

ಮಗಳ ಮೂಲಕ ಹೆಸರು ಉಳಿಸಿಕೊಂಡವರಲ್ಲಿ ಪ್ರಿನ್ಸ್‌ಕ್ವಿಲ್ಲೋನ ಕಥೆ ಕೇಳುವಂಥದ್ದು. 1940ರಲ್ಲಿ ಹುಟ್ಟಿದ ಈ ಕುದುರೆ ಯುದ್ಧಕಾಲದಲ್ಲಿ ಮರಿಯಾಗಿದ್ದಾಗಲೇ ಅಮೆರಿಕಕ್ಕೆ ಹೋಯಿತು. ಮೊದಲು ಓಡಿದ್ದು ಯಾರು ಬೇಕಾದರೂ ನಿಗದಿತ ಬೆಲೆಗೆ ಕೊಂಡೊಯ್ಯಬಹುದಾದ ಕೆಳದರ್ಜೆಯ ರೇಸುಗಳಲ್ಲಿ. ಬಳಿಕ ದೂರದ ಓಟದಲ್ಲಿ ಹೆಸರು ಮಾಡಿತಾದರೂ ತಳಿಗೆ ಬಿಟ್ಟಾಗ ಆರಂಭದ ಶುಲ್ಕ ಅಗ್ಗವೇ. ಅಮೆರಿಕದಲ್ಲಿ ಪ್ರತಿವರ್ಷ ಯಾವ ಕುದುರೆಯ ಹೆಣ್ಣುಮಕ್ಕಳ ಮರಿಗಳು ಹೆಚ್ಚು ಬಹುಮಾನದ ಹಣ ಗಳಿಸಿದವು ಎಂದು ಪಟ್ಟಿ ಮಾಡುತ್ತಾರೆ. ಪ್ರಿನ್ಸ್‌ಕ್ವಿಲ್ಲೋ ಅದರಲ್ಲಿ ಎಂಟು ಸಲ ಮೊದಲ ಸ್ಥಾನ ಪಡೆಯಿತು. ಮೊದಲ ಸಲ 1966ರಲ್ಲಿ. ಕುದುರೆ ಸತ್ತದ್ದು 1964ರಲ್ಲಿ!

ಅದರ ಒಬ್ಬ ಮಗಳು ಮಿಲನ್ ಮಿಲ್. ಅವಳ ಮಗ 1971ರ ಇಂಗ್ಲಿಷ್ ಡರ್ಬಿ ಗೆದ್ದ ಮಿಲ್ ರೀಫ್. ಇನ್ನೊಬ್ಬ ಮಗಳು ಸಂಥಿಂಗ್‌ರಾಯಲ್. ಅವಳನ್ನು ವೇಗಕ್ಕೆ ಹೆಸರಾದ ಬೋಲ್ಡ್ ರೂಲರ್‌ಗೆ ಕೂಡಿಸಿದಾಗ ಒಡೆಯರಿಬ್ಬರು ಮರಿಗಳನ್ನು ಹಂಚಿಕೊಳ್ಳಲು 1969ರಲ್ಲಿ ನಾಣ್ಯ ಚಿಮ್ಮಿದರು. ಗೆದ್ದ ಆಗ್ಡನ್ ಫಿಪ್ಸ್‌ಗೆ ಸಿಕ್ಕಿದ್ದು 'ದಿ ಬ್ರೈಡ್' ಎಂಬ ಹೆಣ್ಣುಮರಿ. ಓಟದಲ್ಲಿ ಅದು ಏನನ್ನೂ ಸಾಧಿಸಲಿಲ್ಲ. ಸೋತ ಪೆನ್ನಿ ಚೆನರಿಗೆ ಉಳಿದದ್ದು ತಾಯಿಯ ಹೊಟ್ಟೆಯಲ್ಲಿದ್ದ ಮರಿ. ಅದೇ ಸೆಕ್ರೆಟೇರಿಯಟ್. 1973ರ ಬೆಲ್ಮಾಂಟ್ ರೇಸನ್ನು 31 ಕುದುರೆಯುದ್ದಗಳ ಅಂತರದಲ್ಲಿ ಗೆದ್ದ ಕುದುರೆ.

ಸೆಕ್ರೆಟೇರಿಯಟ್‌ನ ತಳಿಹಕ್ಕನ್ನು ಹೂಡಿಕೆದಾರರು ಪಾಲುಪಾಲಾಗಿ ಕೊಂಡರು, ಒಟ್ಟು 60.8 ಲಕ್ಷ ಡಾಲರ್, ಆಗಿನ ದಾಖಲೆ. ಕೊಂಡವರು ಇನ್ನೊಂದು ಸೆಕ್ರೆಟೇರಿಯಟ್ ಹುಟ್ಟೀತೆಂದು ಕಾದರು. ಹುಟ್ಟಲಿಲ್ಲ. ಮಕ್ಕಳಲ್ಲಿ ರೈಸನ್ ಸ್ಟಾರ್, ಲೇಡೀಸ್ ಸೀಕ್ರೆಟ್‌ನಂಥವರಿದ್ದರೂ ತಂದೆಯ ಜಾಗ ತುಂಬುವ ಗಂಡು ಬೀಜ ಸಿಗಲಿಲ್ಲವೆಂದು ಜನ ನಿರಾಶರಾದರು. ಅಷ್ಟರಲ್ಲಿ ಹೆಣ್ಣುಮಕ್ಕಳು ತಾಯಂದಿರಾಗಿದ್ದರು. ಟರ್ಲಿಂಗ್ವಾಳ ಮಗ ಸ್ಟಾರ್ಮ್ ಕ್ಯಾಟ್. ಸೀಕ್ರೆಟೇಮ್‌ಳ ಮಗ ಗಾನ್ ವೆಸ್ಟ್. ವೀಕೆಂಡ್ ಸರ್ಪ್ರೈಸ್‌ಳ ಮಗ ಎ. ಪಿ. ಇಂಡಿ. ಮೂವರೂ ತಮ್ಮ ಕಾಲದ ದೊಡ್ಡ ಬೀಜದ ಕುದುರೆಗಳಾದರು. ಸ್ಟಾರ್ಮ್ ಕ್ಯಾಟ್‌ನ ಶುಲ್ಕ ಒಂದು ಹಂತದಲ್ಲಿ ಐದು ಲಕ್ಷ ಡಾಲರ್ ಮುಟ್ಟಿತು. ತಾಯಿಯ ತಂದೆಗಳ ಪಟ್ಟಿಯಲ್ಲಿ ಸೆಕ್ರೆಟೇರಿಯಟ್ 1992ರಲ್ಲಿ ಮೊದಲಾಯಿತು. ಅದು ತೀರಿಕೊಂಡು ಮೂರು ವರ್ಷವಾಗಿತ್ತು.

ಮಗನಿಗೆ ಬಾರದ ಗುಣ ಮಗಳ ಮೂಲಕ ಮೊಮ್ಮಗನಿಗೆ ಬರುವುದೆಂತು? ಇದಕ್ಕೆ ಹೃದಯದ ಸಿದ್ಧಾಂತವೊಂದು ಹುಟ್ಟಿಕೊಂಡಿತು. ಸಾಧಾರಣ ಥರೋಬ್ರೆಡ್‌ನ ಹೃದಯ ನಾಲ್ಕು ಕಿಲೋ ಆಸುಪಾಸು. ಸತ್ತ ಸೆಕ್ರೆಟೇರಿಯಟ್‌ನ ಹೃದಯವನ್ನು ಕಂಡ ಪಶುವೈದ್ಯರು ಅದು 22 ಪೌಂಡ್, ಅಂದರೆ ಹತ್ತು ಕಿಲೋ ಇದ್ದೀತೆಂದು ಅಂದಾಜಿಸಿದರು. ತೂಕ ಹಾಕಿರಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ದೊಡ್ಡ ಹೃದಯದ ಗುಣ ಎಕ್ಸ್ ವರ್ಣತಂತುವಿನಲ್ಲಿದೆ ಎಂದು ಮೇರಿಯಾನಾ ಹೌನ್ 1990ರ ದಶಕದಲ್ಲಿ ವಾದಿಸಿದರು. ಗಂಡಿಗೆ ಎಕ್ಸ್ ಸಿಗುವುದು ತಾಯಿಯಿಂದ ಮಾತ್ರ. ಅದನ್ನು ಅವನು ಮಗನಿಗೆ ಕೊಡಲಾರ. ಮಗಳಿಗೆ ಕೊಡದೆ ಇರಲಾರ. ಹಾಗಾಗಿ ಸೆಕ್ರೆಟೇರಿಯಟ್‌ನ ಎಕ್ಸ್ ಎಲ್ಲ ಹೆಣ್ಣುಮಕ್ಕಳಿಗೂ ಹೋಯಿತು, ಒಬ್ಬ ಮಗನಿಗೂ ಹೋಗಲಿಲ್ಲ. ಕೇಳಲು ಬಹಳ ಚೊಕ್ಕವಾದ ವಿವರಣೆ. ಆದರೆ ಮಗಳು ತನ್ನ ಎರಡು ಎಕ್ಸ್‌ಗಳನ್ನು ಬೆರೆಸಿ ಮರಿಗೆ ಕೊಡುತ್ತಾಳೆ. ಅಜ್ಜನ ಪಾಲು ಎಷ್ಟು ಬರುವುದೋ ಅದೃಷ್ಟ. ದೊಡ್ಡ ಹೃದಯ ಎಕ್ಸ್‌ನಲ್ಲೇ ಇದೆ ಎಂಬುದಕ್ಕೆ ಗಟ್ಟಿ ಪುರಾವೆಯೂ ಸಿಕ್ಕಿಲ್ಲ. ಟ್ವಿಲೈಟ್ ಎಂಬ ಥರೋಬ್ರೆಡ್ ಹೆಣ್ಣುಕುದುರೆಯ ಜೀನೋಮ್ 2009ರಲ್ಲಿ ಪ್ರಕಟವಾಯಿತು. ಮರುವರ್ಷ ಡಬ್ಲಿನ್ನಿನ ಎಮೆಲಿನ್ ಹಿಲ್ ಮತ್ತು ಸಂಗಡಿಗರು ಸಮೀಪದ ಓಟ, ದೂರದ ಓಟಗಳ ಯೋಗ್ಯತೆಯನ್ನು ಬಹುಮಟ್ಟಿಗೆ ಹೇಳುವ ಮಯೋಸ್ಟಾಟಿನ್ ಜೀನನ್ನು ಗುರುತಿಸಿದರು. ಅದು ಇರುವುದು 18ನೆಯ ವರ್ಣತಂತುವಿನಲ್ಲಿ. ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ.

ಹಾಗಾದರೆ ತಳಿಗಾರ ಏನನ್ನು ನೋಡಬೇಕು? ಪಟ್ಟಿಯ ಮೊದಲ ಹೆಸರನ್ನು ನೋಡಿ ಮೋಸಹೋಗುವುದು ಸುಲಭ. ಫ್ರಾನ್ಸಿನಿಂದ ಅಮೆರಿಕಕ್ಕೆ ಬಂದ ಮೂರನೆಯ ಸರ್ ಗ್ಯಾಲಹ್ಯಾಡ್ ಆ ಪಟ್ಟಿಯಲ್ಲಿ ಹನ್ನೆರಡು ಸಲ ಮೊದಲಿತ್ತು. ಆದರೆ ಪಟ್ಟಿ ಒಟ್ಟು ಹಣದ್ದು. ಹೆಣ್ಣುಮಕ್ಕಳು ಹೆಚ್ಚಿದ್ದವನಿಗೆ ಮೊಮ್ಮಕ್ಕಳ ಗಳಿಕೆಯೂ ಹೆಚ್ಚು. ಮೇಲಾಗಿ ದೊಡ್ಡವರ ಮಗಳನ್ನು ಒಡೆಯರು ದೊಡ್ಡ ಕುದುರೆಗೇ ಕೂಡಿಸುತ್ತಾರೆ. ಅಲ್ಲಿ ಹುಟ್ಟಿದ ಮರಿ ಗೆದ್ದರೆ ಕೀರ್ತಿ ಅಜ್ಜನದೋ ಅಪ್ಪನದೋ? ಅಜೇಯ ಫ್ರಾಂಕೆಲ್‌ನ ತಾಯಿಯ ತಂದೆ ಡೇನ್‌ಹಿಲ್ ನಿಜ, ಆದರೆ ತಂದೆ ಗೆಲಿಲಿಯೋ.

ಆದ್ದರಿಂದ ಹೋಲಿಕೆ ಬೇಕು. ಆ ವರ್ಷ ಓಡಿದ ಎಲ್ಲ ಕುದುರೆಗಳ ಸರಾಸರಿ ಗಳಿಕೆಯನ್ನು ಒಂದು ಎಂದು ಹಿಡಿದು, ಒಬ್ಬ ಅಜ್ಜನ ಮೊಮ್ಮಕ್ಕಳ ತಲಾ ಗಳಿಕೆ ಅದರ ಎಷ್ಟುಪಾಲು ಎಂದು ನೋಡಬಹುದು. ಇದಕ್ಕಿಂತ ನ್ಯಾಯವಾದ ದಾರಿಯೆಂದರೆ ಒಂದೇ ಬೀಜದ ಕುದುರೆಗೆ ಹುಟ್ಟಿದ ಮರಿಗಳನ್ನು ಎರಡು ಗುಂಪು ಮಾಡುವುದು: ಈ ಅಜ್ಜನ ಹೆಣ್ಣುಮಕ್ಕಳಲ್ಲಿ ಹುಟ್ಟಿದವು ಒಂದು, ಉಳಿದ ತಾಯಂದಿರಲ್ಲಿ ಹುಟ್ಟಿದವು ಇನ್ನೊಂದು. ತಂದೆ ಒಬ್ಬನೇ ಆಗಿ ಮೊದಲ ಗುಂಪು ಮೇಲಿದ್ದರೆ, ಹಾಗೆಯೇ ಹಲವು ತಂದೆಗಳಲ್ಲಿ ಕಂಡರೆ, ಅಜ್ಜನಿಗೆ ಸ್ವಲ್ಪ ಶ್ರೇಯ ಕೊಡಬಹುದು.

ತೊಂದರೆಯಿರುವುದು ಕಾಲದ್ದು. ಐದನೆಯ ವಯಸ್ಸಿನಲ್ಲಿ ತಳಿಗೆ ಬಿಟ್ಟ ಕುದುರೆಗೆ ಹನ್ನೊಂದು ತಿಂಗಳ ಬಳಿಕ ಮೊದಲ ಮಗಳು ಹುಟ್ಟುತ್ತಾಳೆ. ಅವಳು ಎರಡು-ಮೂರು ವರ್ಷಕ್ಕೆ ಓಡಿ, ನಾಲ್ಕಕ್ಕೆ ಗಬ್ಬವಾಗಿ, ಅವಳ ಮರಿ ಕಣಕ್ಕಿಳಿಯುವಾಗ ಅಜ್ಜನಿಗೆ ಹದಿಮೂರು-ಹದಿನಾಲ್ಕು. ಒಂದೆರಡು ಮರಿಗಳಿಂದ ಏನೂ ತಿಳಿಯದು; ನಂಬಬಹುದಾದಷ್ಟು ಸಂಖ್ಯೆಯಾಗುವಾಗ ಅಜ್ಜ ಮುದುಕ. ಸಂತೆಯಂತೂ ಅಷ್ಟು ಕಾಯುವುದಿಲ್ಲ. ಮೊದಲ ಮರಿಗಳು ಎರಡನೆಯ ವರ್ಷಕ್ಕೇ ಗೆಲ್ಲದಿದ್ದರೆ ಶುಲ್ಕ ಇಳಿಯುತ್ತದೆ, ಕುದುರೆ ಅಗ್ಗಕ್ಕೆ ಕೈಬದಲಾಗುತ್ತದೆ, ಅದರ ಹೆಣ್ಣುಮಕ್ಕಳೂ ಚದುರಿಹೋಗುತ್ತಾರೆ. ಅವನ ಅಸಲು ಯೋಗ್ಯತೆ ತಿಳಿಯುವ ಹೊತ್ತಿಗೆ ಉಳಿದಿರುವುದು, ಯಾರಾದರೂ ಸಾಕಿಕೊಂಡಿದ್ದರೆ, ಹೆಣ್ಣುಮಕ್ಕಳು ಮಾತ್ರ.

ಬೀಜದ ಕುದುರೆಗಳನ್ನು ಹೊರದೇಶಗಳಿಂದ ತರಿಸುವ ಭಾರತದ ಫಾರಂಗಳಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ಗಂಡು ಬರುತ್ತದೆ, ಕೆಲವು ವರ್ಷ ಇರುತ್ತದೆ, ಜಾಗಕ್ಕೆ ಇನ್ನೊಂದು ಬರುತ್ತದೆ. ಹೋದವನ ಗುರುತು ಲಾಯದಲ್ಲಿ ನಿಂತ ತಾಯಿಕುದುರೆಗಳಲ್ಲಿರುತ್ತದೆ. ನಾನೂರು ಎಕರೆಗೂ ಮೀರಿದ ಕುಣಿಗಲ್ ಫಾರಂನ ಜಾಗದಲ್ಲಿ ಉಪನಗರ ಕಟ್ಟುವ ಪ್ರಸ್ತಾಪ ಈಚಿನ ವರ್ಷಗಳಲ್ಲಿ ಎದ್ದಿದೆ, ವಿರೋಧವೂ ಬಂದಿದೆ. ಚರ್ಚೆಯೆಲ್ಲ ಎಕರೆ, ಮರ, ಟಿಪ್ಪುವಿನ ಕಾಲದ ಕಟ್ಟಡಗಳ ಸುತ್ತ. ಕಟ್ಟಡದ ವಯಸ್ಸನ್ನು ಕಲ್ಲು ನೋಡಿ ಹೇಳಬಹುದು. ಆದರೆ ಯಾವುದೇ ಫಾರಂನಲ್ಲಿ ಈ ವರ್ಷ ಹುಟ್ಟಿದ ಹೆಣ್ಣುಮರಿಯ ತಂದೆ ಎಂಥವನೆಂದು ತಿಳಿಯಲು ಅವಳ ಮರಿ ಓಡಬೇಕು. ಅದಕ್ಕೆ ಇನ್ನೂ ಏಳೆಂಟು ವರ್ಷ ಅವಳು ಯಾವುದಾದರೂ ಒಂದು ಲಾಯದಲ್ಲಿ ಇರಬೇಕು.